ಮಾಡು ಇಳಿಸಿದ ಮಠಗಳ ನಡುವೆ ಐದು ದಿನ

ತಮ್ಮ ಇಂಗ್ಲೆಂಡಿನ ಲೀಡ್ಸ್ ಊರಿಗೆ ಹೋಗಿ ಹನ್ನೊಂದು ವರ್ಷವಾಯಿತು. ಫೋನ್ ಮಾಡಿದಾಗಲೆಲ್ಲ "ಅಕ್ಕಾ, ಭಾವನ್ನ ಕರ್ಕೊಂಡು ಒಂದ್ಸಲ ಬಾ" ಅನ್ನುತ್ತಿದ್ದ. ಇವರು ನಿವೃತ್ತರಾದ ಮೇಲೆ, ಈ ಮೇ ತಿಂಗಳಲ್ಲಿ ಹೋದೆವು. ಏನು ನೋಡಬೇಕು ಅಂತ ಕೇಳಿದಾಗ ನನಗೆ ಉತ್ತರ ಸಿದ್ಧವಿತ್ತು. ಹಿಂದೊಮ್ಮೆ ಅವನು ಒಂದು ಫೋಟೋ ಕಳಿಸಿದ್ದ. ಮಾಡು, ಅಂದರೆ ಚಾವಣಿ, ಇಲ್ಲದ ದೊಡ್ಡ ಕಲ್ಲಿನ ಚರ್ಚು, ಒಳಗೆಲ್ಲ ಹಸಿರು ಹುಲ್ಲು, ಕಿಟಕಿಯಿದ್ದಲ್ಲಿ ಬರೀ ಆಕಾಶ. "ಇದನ್ನ ತೋರಿಸು" ಅಂದೆ.

ಆ ಫೋಟೋ ನನ್ನನ್ನು ಯಾಕೆ ಬಿಡಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಸಾಗರದ ಹತ್ತಿರ ನಮ್ಮ ಅಜ್ಜನ ಮನೆಯಿತ್ತು. ಹಿಸ್ಸೆಯಾದಾಗ ಅದು ಯಾರಿಗೂ ಬೇಡವಾಯಿತು. ಮಾಡು ಇಳಿಸಿ ಹೆಂಚು, ಪಕಾಸಿ, ರೀಪು ಎಲ್ಲ ಮಾರಿದರು. ಗೋಡೆಯನ್ನು ಯಾರೂ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೇ ಬೀಳಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮಣ್ಣಿನ ದಿಬ್ಬವಾಗಿತ್ತು. ಹಾಗಾಗಿ ಮಾಡಿಲ್ಲದ ಕಟ್ಟಡ ಕಂಡರೆ ನನ್ನ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ.

ಮೊದಲ ದಿನ: ಕರ್ಕ್‌ಸ್ಟಾಲ್

ತಮ್ಮನ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲೇ ಒಂದು ಪಾಳು ಮಠವಿದೆ. ಕರ್ಕ್‌ಸ್ಟಾಲ್ ಅಬ್ಬೆ. ಅಬ್ಬೆ ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ, ಅದರ ಹಿರಿಯ ಅಬಟ್. ಹಳಗನ್ನಡದಲ್ಲಿ ಅಬ್ಬೆ ಅಂದರೆ ತಾಯಿ, ಅಲ್ವಾ? ಇವರ ಪದದ ಬೇರಾದ 'ಅಬ್ಬ' ಅಂದರೆ ತಂದೆ. ಅದು ಏಸುವಿನ ಕಾಲದ ಅರಮೇಯಿಕ್ ಭಾಷೆಯ ಮಾತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ಹೆಸರನ್ನು ಹೇಳುವಾಗೆಲ್ಲ ನನಗೆ ಹಿತವೆನಿಸುತ್ತಿತ್ತು.

1152ರಲ್ಲಿ ಏರ್ ನದಿಯ ದಡದಲ್ಲಿ ಕಟ್ಟಲು ಶುರು ಮಾಡಿದ ಮಠ ಇದು. ಗೋಡೆಗಳು ಮಾಡಿನ ಮಟ್ಟದವರೆಗೂ ನಿಂತಿವೆ. ಮಠ ಮುಚ್ಚಿದ ಮೇಲೆ ಒಂದು ಕಾಲದಲ್ಲಿ ಊರಿನ ರಸ್ತೆ ಚರ್ಚಿನ ನಡುವಿನಿಂದಲೇ ಹಾದುಹೋಗುತ್ತಿತ್ತಂತೆ. ಗಾಡಿಗಳು ಒಂದು ಬಾಗಿಲಿಂದ ಒಳಗೆ ಬಂದು, ಬಲಿಪೀಠವಿದ್ದ ಕಡೆಯಿಂದ ಹೊರಗೆ. 1779ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು. ಈಗ ಅದು ಪಾರ್ಕು. ಮಕ್ಕಳು ಚೆಂಡು ಒದೆಯುತ್ತಿದ್ದರು, ಒಬ್ಬ ಹೆಂಗಸು ಕಲ್ಲಿನ ಕಟ್ಟೆಗೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಪ್ರಯಾಣದ ಆಯಾಸ ಇನ್ನೂ ಇಳಿದಿರಲಿಲ್ಲ. ಒಂದು ತಾಸು ಸುತ್ತಾಡಿ ಮನೆಗೆ ಬಂದು ಮಲಗಿದೆವು.

ಎರಡನೇ ದಿನ: ಫೌಂಟನ್ಸ್

ಬೆಳಗ್ಗೆ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ತಮ್ಮನ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಒಂದು ತಾಸಿನ ದಾರಿ. ದಾರಿಯುದ್ದಕ್ಕೂ ಕಲ್ಲು ಜೋಡಿಸಿದ ಬೇಲಿಗಳು, ಅದರಾಚೆ ಕುರಿಗಳು, ಕುರಿಗಳ ಹಿಂದೆ ಮರಿಗಳು.

ತಮ್ಮ ನಮ್ಮನ್ನು ಮಠದ ಮುಂಬಾಗಿಲಿಗೆ ಕರೆದೊಯ್ಯಲಿಲ್ಲ. ಸ್ಟಡ್ಲಿ ರಾಯಲ್ ಎಂಬ ತೋಟದ ಕಡೆಯಿಂದ ನಡೆಸಿಕೊಂಡು ಹೋದ. ಜಿಂಕೆಗಳ ಹಿಂಡಿರುವ ಬಯಲು, ಆಮೇಲೆ ಕೆರೆ, ಆಮೇಲೆ ಚಂದ್ರನ ಆಕಾರದಲ್ಲಿ ಕತ್ತರಿಸಿದ ಕೊಳಗಳು. 18ನೇ ಶತಮಾನದಲ್ಲಿ ಜಾನ್ ಐಸ್ಲಬಿ ಎಂಬ ಮಂತ್ರಿ ದೊಡ್ಡ ಷೇರು ಹಗರಣವೊಂದರಲ್ಲಿ ಪಾರ್ಲಿಮೆಂಟಿನಿಂದ ಹೊರಬಿದ್ದ ಮೇಲೆ ಊರಿಗೆ ಬಂದು ಮಾಡಿಸಿದ ನೀರಿನ ತೋಟ ಇದು. ಅವನ ಮಗ 1767ರಲ್ಲಿ ಪಕ್ಕದ ಪಾಳು ಮಠವನ್ನೂ ಕೊಂಡು ತೋಟಕ್ಕೆ ಸೇರಿಸಿದ. ದಾರಿ ಗುಡ್ಡ ಹತ್ತುತ್ತದೆ. ಮೇಲೆ ಒಂದು ಕುಳಿತುಕೊಳ್ಳುವ ಜಾಗ, ಅದಕ್ಕೆ 'ಆ್ಯನ್ ಬೊಲಿನ್ ಪೀಠ' ಎಂದು ಹೆಸರು. ಅಲ್ಲಿ ಹಿಂದೆ ತಲೆಯಿಲ್ಲದ ಒಂದು ಪ್ರತಿಮೆ ಇತ್ತಂತೆ, ಅದಕ್ಕೆ ಜನ ಇಟ್ಟ ಹೆಸರು. ಆ್ಯನ್ ಬೊಲಿನ್ ಅಂದರೆ ಎಂಟನೇ ಹೆನ್ರಿಯ ಎರಡನೇ ಹೆಂಡತಿ. ಅವಳನ್ನು ಮದುವೆಯಾಗಲು ಪೋಪ್ ಒಪ್ಪಲಿಲ್ಲ ಅಂತಲೇ ರಾಜ ರೋಮಿನ ಸಂಬಂಧ ಕಡಿದುಕೊಂಡಿದ್ದು. ಮೂರೇ ವರ್ಷಕ್ಕೆ ಅವಳ ತಲೆಯನ್ನೂ ತೆಗೆಸಿದ.

ಅಲ್ಲಿ ನಿಂತು ಕೆಳಗೆ ನೋಡಿದರೆ ಕಣಿವೆಯ ತುದಿಯಲ್ಲಿ ಫೌಂಟನ್ಸ್ ಅಬ್ಬೆ. ನಾವು ಮೂವರೂ ಮಾತು ನಿಲ್ಲಿಸಿದೆವು. ಅಷ್ಟು ದೊಡ್ಡದು ಅಂತ ನಾನು ಅಂದುಕೊಂಡಿರಲಿಲ್ಲ.

1132ರಲ್ಲಿ ಯಾರ್ಕ್ ನಗರದ ಸೇಂಟ್ ಮೇರಿ ಮಠದಲ್ಲಿ ಜಗಳವಾಯಿತು. ಅಲ್ಲಿ ಊಟ, ಉಡುಪು ಎಲ್ಲ ಜಾಸ್ತಿಯಾಗಿದೆ, ಸನ್ಯಾಸದ ನಿಯಮ ಉಳಿದಿಲ್ಲ ಅಂತ ಹದಿಮೂರು ಮಂದಿ ಹೊರಬಂದರು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಸ್ಕೆಲ್ ಹೊಳೆಯ ಈ ಕಣಿವೆಯಲ್ಲಿ ಜಾಗ ಕೊಟ್ಟ. ಡಿಸೆಂಬರ್ ತಿಂಗಳ ಚಳಿ. ಮನೆಯಿಲ್ಲ, ಮರದಡಿಯ ಬಿಡಾರ. ಎಲ್ಮ್ ಮರದ ಎಲೆ ಬೇಯಿಸಿ ತಿಂದರು ಎಂದು ಮಠದ ಹಳೆಯ ವೃತ್ತಾಂತ ಹೇಳುತ್ತದೆ. ಇನ್ನು ಆಗದು, ಬಿಟ್ಟುಹೋಗೋಣ ಅನ್ನುವಷ್ಟರಲ್ಲಿ ಯಾರ್ಕಿನ ಹಿರಿಯ ಪಾದ್ರಿಯೊಬ್ಬ ತನ್ನ ಹಣ, ಪುಸ್ತಕ ಎಲ್ಲ ತಂದು ಇವರನ್ನು ಸೇರಿಕೊಂಡ. ಅಲ್ಲಿಂದ ಬೆಳೆದಿದ್ದು ಇಷ್ಟು.

ಬೆಳೆಸಿದ್ದು ಕುರಿ. ಇವರು ಸಿಸ್ಟರ್ಶಿಯನ್ ಪಂಥದವರು. ಬಣ್ಣ ಹಾಕದ ಉಣ್ಣೆಯ ಬಟ್ಟೆ ಉಡುತ್ತಿದ್ದುದರಿಂದ ಬಿಳಿ ಸನ್ಯಾಸಿಗಳು ಅಂತಲೇ ಕರೆಯುತ್ತಿದ್ದರು. ಊರಿಂದ ದೂರ ಇರಬೇಕು, ಕೈಯಾರೆ ದುಡಿಯಬೇಕು ಅನ್ನುವುದು ನಿಯಮ. ಆದರೆ ಹಗಲು ರಾತ್ರಿ ಸೇರಿ ಎಂಟು ಹೊತ್ತು ಪ್ರಾರ್ಥನೆ ಮಾಡುವವರಿಗೆ ದೂರದ ಹೊಲ, ಕುರಿಹಟ್ಟಿ ನೋಡಲು ಆಗುತ್ತದೆಯೇ? ಅದಕ್ಕೆ ದುಡಿಮೆಯ ಸೋದರರು ಅಂತ ಬೇರೆ ಒಂದು ಗುಂಪಿತ್ತು. ಹೆಚ್ಚಿನವರಿಗೆ ಓದು ಬರಹ ಇಲ್ಲ. ಅವರಿಗೆ ಪ್ರಾರ್ಥನೆ ಕಡಿಮೆ, ಕೆಲಸ ಜಾಸ್ತಿ. ಇಲ್ಲಿನ ಉಣ್ಣೆ ಇಟಲಿಯ ವ್ಯಾಪಾರಿಗಳ ಕೈಗೆ ಹೋಗುತ್ತಿತ್ತು.

ಆ ಸೋದರರ ಜಾಗವೇ ನನಗೆ ಇಡೀ ಮಠದಲ್ಲಿ ಜಾಸ್ತಿ ಹಿಡಿಸಿದ್ದು. ಪಶ್ಚಿಮದ ಕಡೆ ಸುಮಾರು 300 ಅಡಿ ಉದ್ದದ ಒಂದೇ ಪಡಸಾಲೆ. ಕೆಳಗೆ ಉಗ್ರಾಣ ಮತ್ತು ಊಟದ ಮನೆ, ಮೇಲೆ ಅವರು ಮಲಗುತ್ತಿದ್ದ ಅಟ್ಟ. ಅಟ್ಟದ ಮಾಡು ಹೋಗಿದೆ. ಕೆಳಗಿನ ಕಲ್ಲಿನ ಕಮಾನು ಚಾವಣಿ ಮಾತ್ರ ಪೂರ್ತಿ ಉಳಿದಿದೆ. ನಡುವೆ ಒಂದೇ ಸಾಲು ಕಂಬ. ಕಂಬಕ್ಕೆ ತಲೆಕಟ್ಟಿಲ್ಲ, ಕೆತ್ತನೆಯಿಲ್ಲ. ಅಡಿಕೆ ಮರದ ಸೋಗೆ ಬಿಚ್ಚಿಕೊಂಡ ಹಾಗೆ ಕಂಬದಿಂದ ನೇರವಾಗಿ ಕಲ್ಲಿನ ಪಟ್ಟಿಗಳು ಮೇಲೆದ್ದು ಹರಡುತ್ತವೆ. ನಾವು ಒಳಗಿರುವಾಗಲೇ ಮಳೆ ಬಂತು. ಇವರು ಒಂದು ಕಂಬಕ್ಕೆ ಕೈಯಿಟ್ಟು ಮೇಲೆ ನೋಡುತ್ತ ಇದ್ದರು. "ಒಂದು ಹನಿ ಸೋರ್ತಿಲ್ಲ ನೋಡು" ಅಂದರು. ಎಂಟುನೂರು ವರ್ಷಕ್ಕಿಂತ ಹಳೆಯ ಕಮಾನು ಅದು. ಊರಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ ಬೆಳೆದವರು ನಾವು. ಅವರು ಹೇಳಿದ್ದು ಸಣ್ಣ ಮಾತಲ್ಲ.

ಮಳೆ ನಿಂತ ಮೇಲೆ ಚರ್ಚಿನ ಪೂರ್ವದ ತುದಿಗೆ ಹೋದೆವು. ಒಂಬತ್ತು ಬಲಿಪೀಠಗಳ ಸಾಲಿದ್ದ ಎತ್ತರದ ಭಾಗ. ಅಲ್ಲಿ ಒಂದು ಕಿಟಕಿಯ ಮೇಲೆ ಗೋಡೆ ಬಿರುಕು ಬಿಟ್ಟಿದೆ. 15ನೇ ಶತಮಾನದಲ್ಲೇ ಬಿಟ್ಟ ಬಿರುಕು. ಆಗಿನ ಅಬಟ್ ಜಾನ್ ಡಾರ್ನ್‌ಟನ್ ಅದನ್ನು ಕಲ್ಲಿನಿಂದ ಹೊಲಿಸಿದ. ಹೊಲಿಗೆಯ ಕಲ್ಲಿಗೆ ಒಳಗಡೆ ದೇವದೂತ, ಹೊರಗಡೆ ಬಾಯಿಂದ ಎಲೆಬಳ್ಳಿ ಹೊರಡುವ ಒಂದು ಮುಖ. ಅವನ ನಂತರ ಬಂದ ಮಾರ್ಮಡ್ಯೂಕ್ ಹ್ಯೂಬಿ ಸುಮಾರು 160 ಅಡಿ ಎತ್ತರದ ಗೋಪುರ ಕಟ್ಟಿಸಿದ. ಅವನು ತೀರಿಕೊಂಡಿದ್ದು 1526ರಲ್ಲಿ. ಎಂಟನೇ ಹೆನ್ರಿ ಮಠ ಮುಚ್ಚಿಸಿದ್ದು 1539ರಲ್ಲಿ. ಗೋಪುರದ ಕಲ್ಲು ಇನ್ನೂ ಹೊಸದಾಗಿಯೇ ಇದ್ದಿರಬೇಕು. ಈ ಮಠ ಹಳತಾಗಿ, ಮುಪ್ಪಾಗಿ ಬಿದ್ದದ್ದಲ್ಲ. ಕಟ್ಟುತ್ತಿರುವಾಗಲೇ, ದುರಸ್ತಿ ಮಾಡುತ್ತಿರುವಾಗಲೇ ಮಾಡು ಇಳಿಸಿದ್ದು. ಹೊರಗೆ ಬರುವಾಗ ಸಿಗುವ ಫೌಂಟನ್ಸ್ ಹಾಲ್ ಎಂಬ ಚೆಂದದ ಬಂಗಲೆಗೂ ಮಠದ ಕಲ್ಲೇ ಹೋಗಿದೆ.

ರಾತ್ರಿ ಹತ್ತಿರದ ರಿಪನ್ ಪಟ್ಟಣದಲ್ಲಿ ಉಳಿದೆವು. ಉಳಿಯುವ ಜಾಗದಲ್ಲಿ ನಮ್ಮ ಬುಕಿಂಗ್ ಸರಿಯಾಗಿ ದಾಖಲಾಗಿರಲಿಲ್ಲ. ಮೂವರಿಗೂ ಒಂದೇ ಕೋಣೆ ಸಿಕ್ಕಿತು, ತಮ್ಮ ನೆಲದ ಮೇಲೆ ಮಲಗಿದ. ಅದಕ್ಕೂ ಮೊದಲು, ಒಂಬತ್ತು ಗಂಟೆಗೆ ಪೇಟೆಯ ಚೌಕಕ್ಕೆ ಹೋಗಿದ್ದೆವು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಮೂರು ಮೂಲೆಯ ಟೋಪಿ ಹಾಕಿದ ಒಬ್ಬರು ಬಂದು ಚೌಕದ ಕಲ್ಲುಕಂಬದ ನಾಲ್ಕು ಮೂಲೆಯಲ್ಲೂ ನಿಂತು ಕೊಂಬು ಊದಿದರು. ರಾತ್ರಿ ಕಾವಲು ಶುರುವಾಯಿತು ಅಂತ ಊರಿಗೆ ತಿಳಿಸುವ ಪದ್ಧತಿ. ಸಾವಿರ ವರ್ಷಕ್ಕಿಂತ ಹಿಂದಿನಿಂದ ನಡೆದು ಬಂದಿದೆ ಅನ್ನುತ್ತಾರೆ. ಕೊಂಬಿನ ದನಿ ಕೇಳಿ ನನಗೆ ನಮ್ಮೂರ ತೇರಿನ ದಿನ ನೆನಪಾಗಿ ಮೈ ಜುಮ್ಮೆಂದಿತು.

ಮೂರನೇ ದಿನ: ಮಿಡ್ಲಂ ಕೋಟೆ, ಜರ್ವೋ

ಬೆಳಗ್ಗೆ ಮಿಡ್ಲಂ. ಪುಟ್ಟ ಊರು, ರಸ್ತೆಯಲ್ಲೇ ರೇಸಿನ ಕುದುರೆಗಳು ಸಾಲಾಗಿ ಟಕಟಕ ಅಂತ ಹೋಗುತ್ತಿದ್ದವು. ನಡುವೆ ಕೋಟೆ. ಕೋಟೆ ಅಂದರೆ ನಮ್ಮ ಚಿತ್ರದುರ್ಗದ ಹಾಗೆ ಗುಡ್ಡ ಸುತ್ತಿದ್ದಲ್ಲ. ಗೋಡೆ ಸುತ್ತಿದ ಅಂಗಳ, ಅದರೊಳಗೆ ಒಂದು ಭಾರೀ ಕಲ್ಲಿನ ಮನೆ. 12ನೇ ಶತಮಾನದ ಆ ನಡುಮನೆ ಇಂಗ್ಲೆಂಡಿನ ಅತಿ ದೊಡ್ಡವುಗಳಲ್ಲಿ ಒಂದು. ಇಂಗ್ಲೆಂಡಿನ ರಾಜನಾದ ಮೂರನೇ ರಿಚರ್ಡ್ ಹುಡುಗನಾಗಿದ್ದಾಗ ಇಲ್ಲಿದ್ದ, ಆಮೇಲೆ ಇದರ ಒಡೆಯನಾದ. ಮದುವೆಯಾದ ಹೆಂಡತಿಯಲ್ಲಿ ಅವನಿಗಿದ್ದ ಒಬ್ಬನೇ ಮಗ 1484ರಲ್ಲಿ ಇಲ್ಲೇ ತೀರಿಕೊಂಡ. ಮರುವರ್ಷ ರಿಚರ್ಡ್ ಬಾಸ್ವರ್ತ್ ಯುದ್ಧದಲ್ಲಿ ಸತ್ತ. ಅವನ ಎಲುಬು ಸಿಕ್ಕಿದ್ದು 2012ರಲ್ಲಿ, ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿನ ಕೆಳಗೆ. ಗೋಪುರದ ಸುರುಳಿ ಮೆಟ್ಟಿಲು ಹತ್ತಿ ಮೇಲಿಂದ ನೋಡಿದೆವು. ಗಾಳಿ ಜೋರಿತ್ತು. ಕಾಗೆ ಜಾತಿಯ ಸಣ್ಣ ಹಕ್ಕಿಗಳು, ಜ್ಯಾಕ್‌ಡಾ ಅನ್ನುತ್ತಾರೆ, ಗೋಡೆಯ ತೂತುಗಳಿಂದ ಹಾರಿ ಹೋಗಿ ಬಂದು ಮಾಡುತ್ತಿದ್ದವು. ಹಿಂದೆ ಅಟ್ಟದ ತೊಲೆಗಳನ್ನು ಕೂರಿಸಿದ್ದ ತೂತುಗಳು ಅವು. ತೊಲೆಯ ತೂತುಗಳ ಸಾಲು ನೋಡಿದರೆ ಮಹಡಿ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ತಮ್ಮನಿಗೆ ಅದನ್ನು ತೋರಿಸಿಕೊಟ್ಟೆ. ಆಮೇಲೆ ಅವನು ಹೋದಲ್ಲೆಲ್ಲ ತೂತು ಹುಡುಕಿದ.

ಕೋಟೆಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಜರ್ವೋದಲ್ಲಿ ನಿಂತಿತು.

ಬರೆಯುವುದು ಬೇರೆ, ಓದುವುದು ಜರ್ವೋ. ಯೂರ್ ನದಿಯ ಕಣಿವೆ ಅಂತ ಅರ್ಥ. ಇದು ಖಾಸಗಿ ಜಾಗ. ಟಿಕೆಟ್ ಕೊಡುವವರಿಲ್ಲ. ಗೇಟಿನ ಹತ್ತಿರ ಒಂದು ಡಬ್ಬಿ, ನಂಬಿಕೆಯ ಮೇಲೆ ದುಡ್ಡು ಹಾಕಿ ಒಳಗೆ ಹೋಗಬೇಕು. ಕುರಿಗಳ ನಡುವೆ ಹಾದು ಹೋದೆವು. ಕತ್ತರಿಸಿದ ಲಾನ್ ಇಲ್ಲ, ಹಗ್ಗ ಕಟ್ಟಿಲ್ಲ. ಕಲ್ಲಿನ ಸಂದಿಗಳಲ್ಲಿ ಕಾಡುಹೂವು, ಐವಿ ಬಳ್ಳಿ. ಸನ್ಯಾಸಿಗಳು ಮಲಗುತ್ತಿದ್ದ ಕಟ್ಟಡದ ಒಂದು ಎತ್ತರದ ಗೋಡೆ ಮಾತ್ರ ಸಾಲು ನೀಳ ಕಿಟಕಿಗಳ ಜೊತೆ ಹಾಗೇ ನಿಂತಿದೆ. ನಾವು ಮೂವರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

1536ರಿಂದ 1540ರ ನಡುವೆ ಎಂಟನೇ ಹೆನ್ರಿ ಮತ್ತು ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಇಂಗ್ಲೆಂಡ್, ವೇಲ್ಸಿನ ಸುಮಾರು 800 ಮಠಗಳನ್ನು ಮುಚ್ಚಿಸಿದರು. ಉತ್ತರದ ಜನ ದಂಗೆಯೆದ್ದರು. ರಾಬರ್ಟ್ ಆಸ್ಕ್ ಎಂಬ ವಕೀಲ ಅವರ ನಾಯಕ. ಮಠಗಳು ಬಡವರಿಗೆ ಅನ್ನ ಕೊಡುತ್ತವೆ, ದಾರಿಹೋಕರ ಕಣ್ಣಿಗೂ ಈ ನಾಡಿನ ಚೆಂದಗಳಲ್ಲಿ ಅವೂ ಒಂದು ಅಂತ ಅವನು ವಿಚಾರಣೆಯಲ್ಲಿ ಹೇಳಿದ. 1537ರಲ್ಲಿ ಅವನನ್ನು ಯಾರ್ಕಿನಲ್ಲಿ ಕೊಂದರು. ಜರ್ವೋದ ಕೊನೆಯ ಅಬಟ್ ಆಡಂ ಸೆಡ್‌ಬಾರ್‌ನನ್ನೂ ಆ ವರ್ಷವೇ ಲಂಡನ್ನಿನಲ್ಲಿ ನೇಣಿಗೆ ಹಾಕಿದರು. ಟವರ್ ಆಫ್ ಲಂಡನ್ ಸೆರೆಮನೆಯ ಗೋಡೆಯಲ್ಲಿ ಅವನು ಕೆತ್ತಿದ ಹೆಸರು ಇವತ್ತಿಗೂ ಇದೆ.

ಆಮೇಲೆ ಬಂದವರು ಮಾಡು ಇಳಿಸುವವರು. ಈ ಮಠಗಳ ಮಾಡಿಗೆ ಹೆಂಚಲ್ಲ, ಸೀಸದ ಹಾಳೆ ಹೊದಿಸಿರುತ್ತಿದ್ದರು. ರಾಜನಿಗೆ ಬೇಕಾಗಿದ್ದು ಆ ಸೀಸ. ಜರ್ವೋದಲ್ಲಿ ಈ ಕೆಲಸ ನೋಡಿಕೊಂಡ ಅಧಿಕಾರಿ ಕ್ರಾಮ್‌ವೆಲ್‌ಗೆ ಬರೆದ ಕಾಗದ ಉಳಿದಿದೆ. ಸೀಸವನ್ನೆಲ್ಲ ಇಳಿಸಿ ಕರಗಿಸಿ ಗಟ್ಟಿ ಮಾಡಿದ್ದೇನೆ, ಒಟ್ಟು 365 'ಫೋದರ್' ಆಗಿದೆ, ಆದರೆ ಈ ಸೀಮೆಯ ದಾರಿಗಳು ಕೆಸರುಗುಂಡಿ, ಬರುವ ಬೇಸಿಗೆಯವರೆಗೆ ಸಾಗಿಸಲು ಆಗದು ಅಂತ. ಒಂದು ಫೋದರ್ ಅಂದರೆ ಸುಮಾರು ಒಂದು ಟನ್. ನಾನು ಹುಲ್ಲಿನ ಮೇಲೆ ಕೂತು ಆ ಚಳಿಗಾಲ ಊಹಿಸಲು ನೋಡಿದೆ. ಗಾಡಿ ಹೋಗದ ದಾರಿ. ಮುನ್ನೂರೈವತ್ತು ಟನ್ನಿಗಿಂತ ಜಾಸ್ತಿ ಸೀಸ ಅಂಗಳದಲ್ಲಿ ರಾಶಿ ಬಿದ್ದಿದೆ. ತೆರೆದ ಗೋಡೆಗಳ ನಡುವೆ ಮಳೆ ಹುಯ್ಯುತ್ತಿದೆ.

ಇವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಚಿತ್ರಾನ್ನ ಮುಗಿದಿತ್ತು. ಮಿಡ್ಲಂನಲ್ಲಿ ಕೊಂಡ ವೆನ್ಸ್‌ಲಿಡೇಲ್ ಚೀಸ್ ಇತ್ತು. ಈ ಕಣಿವೆಗೆ ಆ ಚೀಸ್ ಮಾಡುವುದನ್ನು ತಂದವರು ಸನ್ಯಾಸಿಗಳೇ. ಇಲ್ಲಿ ಅದನ್ನು ಹಣ್ಣಿನ ಕೇಕಿನ ಜೊತೆ ತಿನ್ನುತ್ತಾರೆ. ಹಾಗೇ ತಿಂದೆವು, ಚೆನ್ನಾಗಿತ್ತು.

ನಾಲ್ಕನೇ ದಿನ: ಹೆಲ್ಮ್ಸ್‌ಲಿ, ರೀವೋ, ಬೈಲ್ಯಾಂಡ್

ಪೂರ್ವಕ್ಕೆ ಹೊರಟೆವು. ಸಟನ್ ಬ್ಯಾಂಕ್ ಅಂತ ಒಂದು ಘಾಟಿ ಇದೆ. ನಾಲ್ಕು ಅಡಿಗೆ ಒಂದು ಅಡಿ ಏರು. ಕಾರಿನ ಹಿಂದೆ ಕ್ಯಾರವಾನ್ ಕಟ್ಟಿದವರಿಗೆ ಪ್ರವೇಶವೇ ಇಲ್ಲ. ಮೇಲೆ ನಿಂತರೆ ಇಡೀ ಬಯಲು ಕಾಣುತ್ತದೆ.

ಹೆಲ್ಮ್ಸ್‌ಲಿ ಕೋಟೆಯಲ್ಲಿ ಕಣ್ಣು ಸೆಳೆಯುವುದು ಎರಡು ಸುತ್ತಿನ ಆಳ ಕಂದಕ, ಮತ್ತೆ ಅರ್ಧಕ್ಕೆ ಸೀಳಿದ ಬುರುಜು. ಒಂದು ಪಕ್ಕ ನಿಂತಿದೆ, ಇನ್ನೊಂದು ಪಕ್ಕ ಇಲ್ಲ. 1644ರಲ್ಲಿ, ರಾಜ ಮತ್ತು ಪಾರ್ಲಿಮೆಂಟಿನ ನಡುವೆ ಯುದ್ಧ ನಡೆಯುತ್ತಿದ್ದಾಗ, ಪಾರ್ಲಿಮೆಂಟಿನ ಕಡೆಯ ಥಾಮಸ್ ಫೇರ್‌ಫ್ಯಾಕ್ಸ್ ಮೂರು ತಿಂಗಳು ಮುತ್ತಿಗೆ ಹಾಕಿ ಇದನ್ನು ಹಿಡಿದ. ಹಿಡಿದ ಮೇಲೆ ಮತ್ತೆ ಯಾರೂ ಕೋಟೆಯಾಗಿ ಬಳಸದಂತೆ ಬುರುಜಿಗೆ ಮದ್ದಿಟ್ಟು ಒಡೆದರು. ಈ ದೇಶದ ಎಷ್ಟೋ ಕೋಟೆಗಳು ಮುರಿದಿದ್ದು ಹೀಗೆ, ಗೆದ್ದ ನಂತರ.

ಅಲ್ಲಿಂದ ರೈ ಹೊಳೆಯ ಕಣಿವೆಗೆ ಇಳಿದೆವು. ಕಾಡಿನ ನೆಲದಲ್ಲೆಲ್ಲ ಬಿಳಿ ಹೂವಿನ ಕಾಡುಬೆಳ್ಳುಳ್ಳಿ. ಕಾರಿನ ಕಿಟಕಿ ಇಳಿಸಿದರೆ ಒಗ್ಗರಣೆಯ ವಾಸನೆ. ತಿರುವಿನಲ್ಲಿ ರೀವೋ ಅಬ್ಬೆ ಕಂಡಿತು.

ನಾನು ಇಲ್ಲಿ ಮೂರೂವರೆ ತಾಸು ಇದ್ದೆ. ಫೌಂಟನ್ಸ್ ದೊಡ್ಡದು, ಸರಿ. ಆದರೆ ರೀವೋದಲ್ಲಿ ಚರ್ಚಿನ ಪೂಜೆಯ ಭಾಗ ಎದ್ದು ನಿಂತಿರುವ ರೀತಿ ಬೇರೆಯೇ. ಮೂರು ಅಂತಸ್ತಿನ ಕಮಾನು, ಮೇಲೆ ಹೋದಂತೆ ಹಗುರ. ಜಾಗ ಇಕ್ಕಟ್ಟು, ಗುಡ್ಡದ ಇಳಿಜಾರು. ಹಾಗಾಗಿ ಪೂರ್ವ ಪಶ್ಚಿಮವಾಗಿ ಇರಬೇಕಾದ ಚರ್ಚನ್ನು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಕಟ್ಟಿದ್ದಾರೆ. ದಿಕ್ಕಿಗಿಂತ ನೆಲದ ಮಾತು ಕೇಳಿದ್ದಾರೆ. 1132ರಲ್ಲಿ, ಫೌಂಟನ್ಸಿನ ವರ್ಷವೇ, ಫ್ರಾನ್ಸಿನ ಕ್ಲೇರ್ವೋ ಮಠದಿಂದ ಬಂದ ಸನ್ಯಾಸಿಗಳು ಇದನ್ನು ಶುರು ಮಾಡಿದರು. ಜಾಗ ಕೊಟ್ಟವನು ಹೆಲ್ಮ್ಸ್‌ಲಿಯ ಒಡೆಯ ವಾಲ್ಟರ್ ಎಸ್ಪೆಕ್. ಹದಿನೈದು ವರ್ಷದ ನಂತರ ಏಲ್ರೆಡ್ ಅಬಟ್ ಆದ. ಅವನ ಕಾಲದಲ್ಲಿ 140 ಸನ್ಯಾಸಿಗಳು, 500 ದುಡಿಮೆಯ ಸೋದರರು ಇದ್ದರು ಎಂದು ಅವನ ಶಿಷ್ಯ ವಾಲ್ಟರ್ ಡೇನಿಯಲ್ ಬರೆದಿದ್ದಾನೆ. ಏಲ್ರೆಡ್‌ಗೆ ಸಂಧಿವಾತ, ಮೂತ್ರದ ಕಲ್ಲಿನ ನೋವು. ಕೊನೆಯ ವರ್ಷಗಳಲ್ಲಿ ಓಡಾಡಲು ಆಗುತ್ತಿರಲಿಲ್ಲ. ಇಪ್ಪತ್ತು ಮೂವತ್ತು ಮಂದಿ ಅವನ ಕೋಣೆಗೆ ಬಂದು, ಹಾಸಿಗೆಯ ಸುತ್ತ, ಹಾಸಿಗೆಯ ಮೇಲೂ ಕೂತು ಮಾತಾಡುತ್ತಿದ್ದರಂತೆ, ಚಿಕ್ಕ ಮಗು ತಾಯಿಯ ಹತ್ತಿರ ಮಾತಾಡಿದ ಹಾಗೆ. ಇದನ್ನು ತಮ್ಮ ಓದಿ ಹೇಳಿದಾಗ ನನಗೆ ನನ್ನ ಮೊದಲ ದಿನದ ಅಬ್ಬೆ ನೆನಪಾಯಿತು.

ಮ್ಯೂಸಿಯಮ್ಮಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ನಾವು ಮಾಡಿನ ಬಗ್ಗೆಯೇ ಕೇಳುತ್ತಿರುವುದು ನೋಡಿ ಹತ್ತಿರ ಬಂದರು. ಅವರು ಹೇಳಿದ ಕಥೆ ಇದು. 1538ರ ಡಿಸೆಂಬರಿನಲ್ಲಿ ಮಠ ಮುಚ್ಚಿತು. ಸೀಸ ಕರಗಿಸಿ ಗಟ್ಟಿ ಮಾಡಿ ರಾಜಮುದ್ರೆ ಒತ್ತಿದರು. ಸಾಗಿಸುವ ಮೊದಲೇ ಗೋಡೆ ಕುಸಿದು ಕೆಲವು ಗಟ್ಟಿಗಳು ಕಲ್ಲಿನಡಿ ಹೂತುಹೋದವು. ಮೊದಲ ಮಹಾಯುದ್ಧದ ನಂತರ ಇಲ್ಲಿ ಮಣ್ಣು ತೆಗೆಸಿದರು. ಯುದ್ಧದಿಂದ ಹಿಂತಿರುಗಿ ಕೆಲಸವಿಲ್ಲದಿದ್ದ ಸೈನಿಕರೇ ಕೆಲಸಗಾರರು, ಮಣ್ಣು ಸಾಗಿಸಲು ಪುಟ್ಟ ರೈಲು ಹಳಿ. ಆಗ ಆ ಗಟ್ಟಿಗಳು ಸಿಕ್ಕವು, ಮುದ್ರೆಯ ಸಮೇತ. "ಆ ಸೀಸ ಈಗ ಎಲ್ಲಿದೆ ಗೊತ್ತಾ? ನಾಳೆ ಯಾರ್ಕಿಗೆ ಹೋಗ್ತೀರಲ್ಲ, ಮಿನ್‌ಸ್ಟರ್ ಚರ್ಚಿನ ಫೈವ್ ಸಿಸ್ಟರ್ಸ್ ಕಿಟಕಿ ನೋಡಿ" ಅಂದರು.

ಹೊರಗೆ ಬಂದು ಗೋಡೆಯ ನೆರಳಲ್ಲಿ ಕೂತೆವು. ತಮ್ಮ ಫೋನಿನಲ್ಲಿ ಇನ್ನೊಂದು ಸಂಗತಿ ಓದಿದ. ಈ ಯಾರ್ಕ್‌ಶರ್ ಸೀಮೆಯ ದಕ್ಷಿಣ ಭಾಗದಲ್ಲಿ ರೋಶ್ ಅಬ್ಬೆ ಅಂತ ಇದೆ. ಅದನ್ನು ಮುಚ್ಚಿದಾಗ ಏನಾಯಿತು ಎಂದು ಮೈಕಲ್ ಶೆರ್‌ಬ್ರುಕ್ ಎಂಬ ಪಾದ್ರಿ ಮುಂದೆ ಬರೆದಿಟ್ಟ. ಸನ್ಯಾಸಿಗಳು ಕೂತು ಹಾಡುತ್ತಿದ್ದ ಮರದ ಪೀಠಗಳನ್ನೇ ಸುಟ್ಟು ಸೀಸ ಕರಗಿಸಿದರಂತೆ. ಸುತ್ತಲಿನ ಊರವರು ಬಾಗಿಲು, ಕಬ್ಬಿಣದ ಕೊಂಡಿ, ಸಿಕ್ಕಿದ್ದೆಲ್ಲ ಹೊತ್ತೊಯ್ದರು. ಶೆರ್‌ಬ್ರುಕ್‌ನ ಅಪ್ಪನೂ ಚರ್ಚಿನ ಮರ ಕೊಂಡಿದ್ದ. ಸನ್ಯಾಸಿಗಳ ಬಗ್ಗೆ ನಿನಗೆ ಒಳ್ಳೆ ಅಭಿಪ್ರಾಯ ಇತ್ತಲ್ಲ, ಮತ್ತೆ ಯಾಕೆ ತಗೊಂಡೆ ಅಂತ ಮಗ ಕೇಳಿದ. ಎಲ್ಲ ಹೋಗುವುದು ಖಂಡಿತ ಅಂತ ಕಾಣುತ್ತಿತ್ತು, ಉಳಿದವರು ಮಾಡಿದ ಹಾಗೆ ನಾನೂ ಮಾಡಿದೆ ಅಂದನಂತೆ ಅಪ್ಪ.

ತಮ್ಮ ಫೋನ್ ಕೆಳಗಿಟ್ಟ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅಜ್ಜನ ಮನೆಯ ಜಗಲಿಯ ಎರಡು ಕಂಬ ಈಗ ಶಿವಮೊಗ್ಗದಲ್ಲಿ ನಮ್ಮ ಮನೆಯ ಮುಂದಿದೆ. ಹಲಸಿನ ಮರದ ಕಂಬ. ಮಾಡು ಇಳಿಸಿದ ವಾರ ನಾನೇ ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದೆ. ಅಮ್ಮ ಅವತ್ತು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅಂಗಳದಲ್ಲಿ ನಿಂತು ನೋಡುತ್ತಿದ್ದಳು. "ಅಕ್ಕಾ, ನೀನು ತಗೊಂಡು ಹೋಗದಿದ್ರೆ ಅದೂ ಗೆದ್ದಲು ಪಾಲು" ಅಂದ ತಮ್ಮ. ಇರಬಹುದು. ಶೆರ್‌ಬ್ರುಕ್‌ನ ಅಪ್ಪನೂ ಹಾಗೇ ಅಂದುಕೊಂಡಿರಬೇಕು. ನಾನು ಆ ಅಪ್ಪನನ್ನು ಬಯ್ಯಲಾರೆ.

ಸಂಜೆ ಬೈಲ್ಯಾಂಡ್. ಈ ಮಠದವರು ಮೊದಲು ರೀವೋದ ಎದುರು ದಡದಲ್ಲೇ ಇದ್ದರು. ಎರಡು ಮಠದ ಗಂಟೆಗಳೂ ಹೊತ್ತು ಹೊತ್ತಿಗೆ ಬಾರಿಸಿ, ಯಾರ ಗಂಟೆ ಯಾರಿಗೆ ಅಂತ ತಿಳಿಯದೆ ಇವರು ಜಾಗ ಬಿಟ್ಟು, ಕೊನೆಗೆ 1177ರಲ್ಲಿ ಇಲ್ಲಿ ನೆಲೆನಿಂತರು. ಚರ್ಚಿನ ಮುಂಗೋಡೆಯಲ್ಲಿ 26 ಅಡಿ ಅಗಲದ ದುಂಡು ಕಿಟಕಿ ಇತ್ತು. ಈಗ ಅದರ ಕೆಳಗಿನ ಅರ್ಧ ಮಾತ್ರ ಇದೆ. ನೆಲದಲ್ಲಿ ಹಸಿರು, ಹಳದಿ ಹೊಳಪಿನ ಸಣ್ಣ ಟೈಲ್ಸ್ ಅಲ್ಲಲ್ಲಿ ಹಾಗೇ ಉಳಿದಿದೆ. ರಂಗೋಲಿಯ ಚುಕ್ಕಿ ಲೆಕ್ಕದ ಹಾಗೆ ವೃತ್ತದೊಳಗೆ ವೃತ್ತ. ನಾನು ಬಗ್ಗಿ ಒಂದೊಂದೇ ನೋಡುತ್ತಿದ್ದೆ. ಬಾಗಿಲು ಹಾಕುವ ಹೊತ್ತಾಯಿತು ಅಂತ ಇವರು ಕರೆದರು.

ಐದನೇ ದಿನ: ಯಾರ್ಕ್

ಯಾರ್ಕಿನಲ್ಲಿ ಮೊದಲು ಸೇಂಟ್ ಮೇರಿ ಮಠದ ಪಾಳು. ಹದಿಮೂರು ಮಂದಿ ಜಗಳವಾಡಿ ಹೊರಬಂದ ಮಠ. ಅದೂ ಉಳಿಯಲಿಲ್ಲ, 1539ರಲ್ಲೇ ಮುಚ್ಚಿತು. ಈಗ ಊರಿನ ಉದ್ಯಾನ, ಅಳಿಲುಗಳು ಓಡಾಡುತ್ತಿದ್ದವು. ಪಕ್ಕದ ಮ್ಯೂಸಿಯಮ್ಮಿನಲ್ಲಿ ಮಿಡ್ಲಂ ಹತ್ತಿರ 1985ರಲ್ಲಿ ನೆಲದಡಿ ಸಿಕ್ಕ ಚಿನ್ನದ ಪದಕವಿದೆ. ಮೇಲೆ ಒಂದು ನೀಲಮಣಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನೋಡಿಕೊಂಡು ಬೇಗ ಹೊರಬಂದೆವು. ನನಗೆ ಮಿನ್‌ಸ್ಟರ್ ಕಡೆ ಅವಸರವಿತ್ತು.

ಯಾರ್ಕ್ ಮಿನ್‌ಸ್ಟರ್ ಬಿಷಪ್ಪರ ಚರ್ಚು, ಸನ್ಯಾಸಿಗಳ ಮಠವಲ್ಲ. ಹಾಗಾಗಿ ಉಳಿಯಿತು. ಉತ್ತರದ ತೋಳಿನಲ್ಲಿ ಐದು ನೀಳ ಕಿಟಕಿಗಳು, ಒಂದೊಂದೂ ಐವತ್ತು ಅಡಿಗಿಂತ ಎತ್ತರ. ಫೈವ್ ಸಿಸ್ಟರ್ಸ್. 13ನೇ ಶತಮಾನದ ಗಾಜು. ಬೇರೆ ಕಿಟಕಿಗಳ ಹಾಗೆ ಸಂತರ ಚಿತ್ರವಿಲ್ಲ, ಕಡುಬಣ್ಣವಿಲ್ಲ. ಬೂದು ಹಸಿರು, ಮಂಜು ಹಿಡಿದ ಬೆಳಗಿನ ಹಾಗೆ. ಲಕ್ಷಕ್ಕಿಂತ ಹೆಚ್ಚು ಚೂರುಗಳು. ಆ ಚೂರುಗಳನ್ನು ಹಿಡಿದಿಟ್ಟಿರುವುದು ಸೀಸದ ಪಟ್ಟಿ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ವಾಯುನೌಕೆಗಳ ಬಾಂಬಿಗೆ ಹೆದರಿ ಗಾಜನ್ನು ಬಿಚ್ಚಿ ತೆಗೆದಿಟ್ಟಿದ್ದರು. ಮತ್ತೆ ಕೂರಿಸುವಾಗ ಹೊಸ ಸೀಸ ಬೇಕಿತ್ತು. ರೀವೋದಲ್ಲಿ ಸಿಕ್ಕ ಗಟ್ಟಿಗಳನ್ನು ಕರಗಿಸಿದರು. 1925ರಲ್ಲಿ, ಆ ಯುದ್ಧದಲ್ಲಿ ಸತ್ತ ಹೆಂಗಸರ ನೆನಪಿಗೆ ಈ ಕಿಟಕಿಯನ್ನು ಅರ್ಪಿಸಿದರು. ಹತ್ತಿರದ ಓಕ್ ಮರದ ಹಲಗೆಗಳಲ್ಲಿ 1,400ಕ್ಕಿಂತ ಹೆಚ್ಚು ಹೆಸರುಗಳಿವೆ. ನಾನು ಕೆಲವನ್ನು ಓದಿದೆ.

"ಸೀಸ ಯಾವುದು?" ಅಂತ ಇವರು ಕೇಳಿದರು. ಗಾಜಿನ ನಡುವಿನ ಕಪ್ಪು ಗೆರೆ ತೋರಿಸಿದೆ. ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

ಸಂಜೆಯ ಪ್ರಾರ್ಥನೆಗೆ ಯಾರು ಬೇಕಾದರೂ ಕೂರಬಹುದು ಅಂದರು. ಕೂತೆವು. ಹುಡುಗರು ಹುಡುಗಿಯರು ಹಾಡತೊಡಗಿದರು. ಬರುವಾಗಲೇ ಹನಿ ಶುರುವಾಗಿತ್ತು, ಈಗ ಹೊರಗೆ ಜೋರಾಗಿರಬೇಕು, ತಡವಾಗಿ ಬಂದವರ ಕೋಟು ತೊಯ್ದಿತ್ತು. ಮಾಡು ಅಷ್ಟು ಎತ್ತರ, ಮಳೆಯ ಸದ್ದು ಕೆಳಗೆ ಕೇಳಿಸುತ್ತಿರಲಿಲ್ಲ. ಇವರು ಒದ್ದೆ ಕೊಡೆಯನ್ನು ಮಡಚಿ ಕಾಲಡಿ ಇಟ್ಟರು.